ಎಳೆಯಬೇಡ

ಫೆಬ್ರವರಿಯಲ್ಲೇ ಗೋಡೆಗೆ ಪಟ್ಟಿ ಅಂಟಿಸಿದ್ದರು.
ಇಷ್ಬೆಲ್, ಒಂದನೇ ವರ್ಷ. ಎದುರಿಗೆ: ಅರಿಹಿಯಾ, ಮೂರನೇ ವರ್ಷ.
ಜೂನ್‌ವರೆಗೆ ತಪ್ಪಿಸಿಕೊಂಡು ಓಡಾಡಿದೆ.
ಇನ್ವರ್ಕಾರ್ಗಿಲ್ ಸಣ್ಣ ಊರು, ಚಳಿಗಾಲದಲ್ಲಿ ಇನ್ನೂ ಸಣ್ಣದು.
ಕ್ಯಾಂಟೀನಿನಲ್ಲಿ ಸಿಕ್ಕಿಬಿದ್ದೆ.

"ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಒಂಬತ್ತು ವರ್ಷಕ್ಕೇ ಕುರಿಯೊಳಗೆ ಮೊಣಕೈವರೆಗೆ ಕೈಯಿಟ್ಟವಳು.
ಅಡ್ಡ ಬಿದ್ದ ಮರಿಯ ಕಾಲು ತಡಕಿ, ನೇರ ಮಾಡಿ,
ಎಳೆದು..."

ಅವಳು ಚೀಸ್ ರೋಲ್ ಮುರಿದು
ದೊಡ್ಡ ತುಂಡನ್ನು ನನ್ನ ಕಡೆ ತಳ್ಳಿದಳು.
"ಒಳ್ಳೆಯದು. ಕೊನೆಯದೊಂದು ಮರೆತುಬಿಡು.
ಇಲ್ಲಿ ಎಳೆಯುವುದಿಲ್ಲ.
ಇಲ್ಲಿ ಕೂತಿರುತ್ತೇವೆ."

ಗುರುವಾರ ಸಂಜೆ, ಎಲ್ಲರೂ ಹೋದ ಮೇಲೆ
ಪ್ರಯೋಗಾಲಯದಲ್ಲಿ ನಾವಿಬ್ಬರು,
ಉಲ್ಲನ್ನಿನಲ್ಲಿ ಹೆಣೆದ ಗರ್ಭಕೋಶ, ಪ್ಲಾಸ್ಟಿಕ್ ಸೊಂಟ,
ಕಿವಿ ಹರಿದ ಒಂದು ಬೊಂಬೆ.
ಬೀಟ್‌ರೂಟ್ ರಸವನ್ನು ಪ್ಯಾಡಿನ ಮೇಲೆ ಸುರಿದು
"ಎಷ್ಟು?" ಎನ್ನುವಳು.
"ಇನ್ನೂರು ಮಿಲಿ."
ಖಾಲಿ ಜಗ್ಗು ತೋರಿಸುವಳು: ಐನೂರು.
"ರಕ್ತ ಪೂರ್ತಿ ನಿಜ ಹೇಳುವುದಿಲ್ಲ, ಇಷ್ಬೆಲ್. ಬಟ್ಟೆಯಲ್ಲಿ ಅಡಗುತ್ತದೆ.
ಕಣ್ಣನ್ನು ನಂಬಬೇಡ. ತೂಗು."

ಒಮ್ಮೆ ತಾನೇ ಮಂಚ ಹತ್ತಿ
ಅಂಗಿಯೊಳಗೆ ದಿಂಬು ತುರುಕಿ ಮಲಗಿದಳು.
ಮುಟ್ಟಿದೆ. ಚೀರಿದಳು.
"ಮೊದಲು ಕೈಗೆ ಬಿಸಿನೀರು.
ಆಮೇಲೆ ಅವಳ ಹೆಸರು ಕೇಳು.
ಹೊಟ್ಟೆ ಆಮೇಲೆ."

ಅವಳಿಗೆ ಬಾರದ್ದು ಒಂದೇ, ಮದ್ದಿನ ಲೆಕ್ಕ.
ನೂರಕ್ಕೆ ನೂರು ಬರಲೇಬೇಕಾದ ಪರೀಕ್ಷೆ
ಎರಡು ಸಲ ಕೈಕೊಟ್ಟಿತ್ತು.
ಮೆಟ್ಟಿಲ ಕೆಳಗೆ, ಸೈಕಲ್ಲುಗಳ ನಡುವೆ
ಮೂಗೊರೆಸುತ್ತಾ ಕೂತವಳ ಪಕ್ಕ ನಾನೂ ಕೂತೆ.
ಕುರಿ ತೂಗಿ, ತೂಕಕ್ಕೆ ತಕ್ಕಷ್ಟು
ಜಂತಿನ ಮದ್ದು ಕುಡಿಸಿ ಬೆಳೆದವಳಿಗೆ
ದಶಮಾಂಶದ ಚುಕ್ಕೆ ಹಳೆಯ ನೆಂಟ.
"ಇದೊಂದು ನಲವತ್ತು ಕಿಲೋ ಕುರಿ ಅಂದುಕೋ."
ಅತ್ತವಳು ನಕ್ಕಳು. ಮೂರು ವಾರ
ಇಡೀ ಆಸ್ಪತ್ರೆಯನ್ನೇ ದೊಡ್ಡಿಗೆ ಹೊಡೆದೆವು.

ಬ್ಲಫ್‌ನ ಒಂದು ಮನೆಗೆ ಅವಳ ಹಿಂದೆ ಹೋಗಿದ್ದೆ.
ನಾಲ್ಕು ದಿನದ ಬಾಣಂತಿ,
ನಾರಿನಲ್ಲಿ ಹೆಣೆದ ಬುಟ್ಟಿಯೊಳಗೆ ಮಾಸು.
ಅಜ್ಜಿ ಗುಂಡಿ ತೋಡಿಸುತ್ತಿದ್ದಳು.
"ಫೆನುವಾ" ಎಂದಳು ಅರಿಹಿಯಾ. "ಮಾಸಿಗೂ ನೆಲಕ್ಕೂ
ನಮ್ಮಲ್ಲಿ ಒಂದೇ ಮಾತು."

ನಮ್ಮಲ್ಲಿ ಅದನ್ನು ನಾಯಿ ತಿನ್ನುತ್ತಿತ್ತು.
ಹೇಳಲಿಲ್ಲ.
ಬಸ್ಸಿನಲ್ಲಿ ವಾಪಸ್ಸು ಬರುವಾಗ
ಅಪ್ಪನ ನಾಲ್ಕು ನೂರು ಎಕರೆ, ಬೇಲಿಯ ಮೇಲೆ ಬೇಲಿ,
ಕಿಟಕಿಯಲ್ಲಿ ಇಲ್ಲದಿದ್ದರೂ ಕಾಣುತ್ತಿತ್ತು.
ಯಾರ ಮಾಸು ಅದರಡಿ?
ಇದನ್ನು ಅವಳನ್ನು ಇವತ್ತಿಗೂ ಕೇಳಿಲ್ಲ.

ಆಗಸ್ಟ್. ರಾತ್ರಿ ಎರಡೂಕಾಲು.
ಮೊಣಕಾಲೂರಿದ ಹೆಂಗಸು, ಹೆಸರು ಕೇಳಿದ್ದೆ, ಟಾಮ್ಸಿನ್.
ತಲೆ ಹೊರಗೆ ಬಂತು.
ನಿಂತಿತು.
ನೇರಳೆ ಮುಖ, ಮುಚ್ಚಿದ ಕಣ್ಣು, ಅತ್ತ ಹುಟ್ಟಿಲ್ಲ ಇತ್ತ ಹುಟ್ಟದೆಯೂ ಇಲ್ಲ.
ನೋವು ಹೋಗಿ ಮತ್ತೆ ಬರಬೇಕು.
ಗಡಿಯಾರ ಕೇಳಿಸುತ್ತಿತ್ತು.
ಒಂಬತ್ತು ವರ್ಷದ ನನ್ನ ಕೈ ತಾನಾಗಿ ಎದ್ದಿತು.

ಅಂಗೈಗಳೆರಡನ್ನೂ ತೊಡೆಯಡಿಗೆ ತಳ್ಳಿ
ಅವುಗಳ ಮೇಲೆ ಕೂತೆ.

ಆಗ ಆ ಪುಟ್ಟ ತಲೆ,
ಯಾರೋ ಕರೆದರೇನೋ ಎನ್ನುವ ಹಾಗೆ,
ತಾನೇ ತಾನಾಗಿ ಪಕ್ಕಕ್ಕೆ ತಿರುಗಿತು. ಭುಜ. ಇನ್ನೊಂದು ಭುಜ.
ಆಮೇಲೆ ಎಲ್ಲ ಒಟ್ಟಿಗೆ, ಒದ್ದೆಯಾಗಿ, ಕೂಗುತ್ತಾ.

ನಾಲ್ಕೂವರೆಗೆ ಫೋನ್ ಮಾಡಿದೆ.
ಬೆಳಗ್ಗೆ ಅವಳಿಗೆ ಮೂರನೇ ಸಲದ ಪರೀಕ್ಷೆ, ಮಾಡಬಾರದಿತ್ತು.
"ಎಷ್ಟು?" ಎಂದಳು, ಹಲೋ ಕೂಡ ಅನ್ನದೆ.
"ಕಣ್ಣಿಗೆ ಇನ್ನೂರೈವತ್ತು. ತೂಗಿದರೆ ನಾನೂರು."
"ಹ್ಞಾಂ," ಎಂದಳು.
ಮುಂದೆ ಮಾತಿಲ್ಲ. ಉದ್ದನೆಯ ಉಸಿರು, ಸಣ್ಣ ಗೊರಕೆ.

ಕತ್ತರಿಸಲಿಲ್ಲ.
ಲಾಂಡ್ರಿ ಬುಟ್ಟಿಗಳ ಪಕ್ಕ ನೆಲದಲ್ಲಿ
ಫೋನು ಕಿವಿಗೊತ್ತಿಕೊಂಡು
ಕೂತಿದ್ದೆ.